ರಸ್ಟಿ ಕೂತರೆ ಚೆಂಡು

ಅಮೆರಿಕದ ಕೊಲರಾಡೋ ರಾಜ್ಯದ ಪ್ವೆಬ್ಲೊ ಊರಿನ ಪೊಲೀಸ್ ನಾಯಿ ರಸ್ಟಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಗಾಂಜಾ, ಕೊಕೇನು, ಯಾವುದರ ವಾಸನೆ ಬಂದರೂ ತೆಪ್ಪಗೆ ಕೂತುಬಿಡುವುದು. ಕೂತ ತಕ್ಷಣ ಅದನ್ನು ನೋಡಿಕೊಳ್ಳುವ ಪೊಲೀಸಿನವನು ಡೆಲ್ಫಿನೋ ಚೆಂಡು ಎಸೆಯಬೇಕು, ಅದೇ ಅದರ ಸಂಬಳ. ಕೊಲರಾಡೋದಲ್ಲಿ ಗಾಂಜಾ ಅಪರಾಧವಲ್ಲ ಎಂದು ಕಾನೂನಾದ ಮೇಲೆ ಈ ವಿದ್ಯೆಯೇ ಮುಳುವಾಯಿತು. ನಾಯಿ ಕೂತದ್ದು ಗಾಂಜಾಕ್ಕೋ ಕೊಕೇನಿಗೋ ಎಂದು ಕೋರ್ಟಿನಲ್ಲಿ ಹೇಳುವವರು ಯಾರು? ಕಲಿತದ್ದನ್ನು ಮರೆಸಲೂ ಆಗದು. ರಸ್ಟಿಯನ್ನು ಮನೆಗೆ ಕಳಿಸಿದರು. ಅದರ ಹಿಂದೆಯೇ ಡೆಲ್ಫಿನೋ ಕೂಡ ನಿವೃತ್ತನಾದ.

ಈಗ ಲೊರೆಟ್ಟಾಳ ಗಾಂಜಾ ಅಂಗಡಿಯ ಮುಂದೆ ರಸ್ಟಿ ದಿನಾ ಕೂರುತ್ತದೆ. ಗಿರಾಕಿಗಳು ನಗುತ್ತಾರೆ. ಡೆಲ್ಫಿನೋ ಚೆಂಡನ್ನು ಜೇಬಿನಲ್ಲೇ ಅದುಮಿಕೊಂಡು ನಾಯಿಯನ್ನು ಎಳೆದುಕೊಂಡು ಹೋಗುತ್ತಾನೆ. ಮರ್ಯಾದೆ ಪ್ರಶ್ನೆ, ನೋಡಿ.

ಒಂದು ಬೆಳಿಗ್ಗೆ ಲೊರೆಟ್ಟಾ ಹೊರಗೆ ಬಂದಳು.

“ಸಾಹೇಬ್ರೇ, ಆರ್ನೆಲ್ ಅಂತ ಒಬ್ಬ ಕೆಲಸ ಕೇಳ್ಕೊಂಡು ಬಂದಿದ್ದ. ಗಾಂಜಾ ಕೇಸಲ್ಲಿ ಜೈಲಿಗೆ ಹೋಗಿದ್ನಂತೆ, ನೀವೇ ಹಿಡಿದಿದ್ದಂತೆ. ಮನುಷ್ಯ ಹೆಂಗೆ? ನೀವು ಹೂಂ ಅಂದ್ರೆ ತಗೋತೀನಿ.”

ಡೆಲ್ಫಿನೋಗೆ ನೆನಪಿತ್ತು. ಆರ್ನೆಲ್‌ನ ಟ್ರಕ್ಕಿನೆದುರು ರಸ್ಟಿ ಕೂತಿತ್ತು. ಸೀಟಿನ ಕೆಳಗೆ ಗಾಂಜಾದ ಒಂದು ಪೊಟ್ಟಣ, ಅಷ್ಟೇ. ಆರ್ನೆಲ್ ಓಡಲಿಲ್ಲ, ಜಗಳ ತೆಗೆಯಲಿಲ್ಲ. ಒಳ್ಳೆಯವನು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆಂದರೆ ತಾನು ಇಷ್ಟು ವರ್ಷ ಮಾಡಿದ್ದೇನು? ಹಾಳು ಅಹಂಕಾರ ಅಡ್ಡ ಬಂತು.

“ಕೇಸಂದ್ರೆ ಕೇಸೇ ಕಣಮ್ಮಾ. ನಾನಾಗಿದ್ರೆ ತಗೋತಿರ್ಲಿಲ್ಲ.”

ಮನೆ ಸೇರುವ ಮೊದಲೇ ಕಸಿವಿಸಿ ಶುರುವಾಯಿತು. ಒಂದು ಪೊಟ್ಟಣ ಇಟ್ಟುಕೊಂಡವನು ಅಪರಾಧಿ, ಅದನ್ನೇ ಮಾರುವವಳು ವ್ಯಾಪಾರಿ! ಆಡಿದ ಮಾತನ್ನು ವಾಪಸು ತೆಗೆದುಕೊಳ್ಳೋಣವೆಂದು ಮರುದಿನ ಅಂಗಡಿಗೆ ಹೋದ.

“ಅಯ್ಯೋ, ನಿನ್ನೆನೇ ಬೇರೆಯವಳನ್ನ ತಗೊಂಡೆ,” ಎಂದಳು ಲೊರೆಟ್ಟಾ.

ಹೊರಗೆ ಬಸ್ ನಿಲ್ದಾಣದಲ್ಲಿ ಆರ್ನೆಲ್ ನಿಂತಿದ್ದ. ರಸ್ಟಿ ನೇರವಾಗಿ ಹೋಗಿ ಅವನೆದುರು ಕೂತಿತು. ಡೆಲ್ಫಿನೋಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆರ್ನೆಲ್ ಜೇಬಿನಿಂದ ಒಂದು ಪೊಟ್ಟಣ ತೆಗೆದು ತೋರಿಸಿದ.

“ಗಾಬರಿ ಆಗ್ಬೇಡಿ ಸಾಹೇಬ್ರೇ, ಈ ಸಲ ಬಿಲ್ ಇದೆ. ಕೆಲಸಕ್ಕೆ ಬೇಡ್ವಂತೆ ನಾನು. ಗಿರಾಕಿ ಆಗ್ಬೋದಂತೆ.”

“ಬೇಡ ಅಂತ ಹೇಳಿದ್ದು ನಾನೇ, ಆರ್ನೆಲ್. ತಪ್ಪು ಮಾಡ್ಬಿಟ್ಟೆ.”

“ಗೊತ್ತು. ಅವಳೇ ಹೇಳಿದ್ಲು.” ಆರ್ನೆಲ್ ಬಗ್ಗಿ ನಾಯಿಯ ತಲೆ ಸವರಿದ. “ಇದಕ್ಕೆ ಚೆಂಡು ಕೊಡಿ, ಪಾಪ. ಅವತ್ತೂ ಇವತ್ತೂ ಅದರ ಕೆಲಸ ಅದು ಸರಿಯಾಗೇ ಮಾಡಿದೆ.”

ಬಸ್ಸು ಬಂತು, ಅವನು ಹತ್ತಿ ಹೋದ. ಡೆಲ್ಫಿನೋ ಅಂಗಡಿಯ ಗಿರಾಕಿಗಳೆಲ್ಲರ ಎದುರೇ ಚೆಂಡು ತೆಗೆದು ಖಾಲಿ ಪಾರ್ಕಿಂಗ್ ಜಾಗದತ್ತ ಎಸೆದ. ರಸ್ಟಿ ಖುಷಿಯಿಂದ ಓಡಿತು. ಅದು ಯಾರ ಮೇಲೂ ಚಾಡಿ ಹೇಳಿರಲಿಲ್ಲ.