ಮೊದಲ ಪುಟದಲ್ಲಿ ಅವ್ವ

ಶಹಾಪುರದ ಅರ್ಧ ಅಂಗಡಿಗಳನ್ನು ಗೂಗಲ್‌ನ ಮೊದಲ ಪುಟಕ್ಕೆ ತಂದು ಕೂರಿಸಿದವಳು ನಾನು. ಜಂಭ ಅಂದುಕೊಂಡರೆ ಅಂದುಕೊಳ್ಳಿ, ಬೇಕಾದರೆ ಹುಡುಕಿ ನೋಡಿ. ಬಸ್ ಸ್ಟ್ಯಾಂಡ್ ಎದುರಿಗೆ ನನ್ನ ಆನ್‌ಲೈನ್ ಸೆಂಟರ್ ಇದೆ. ಬೆಳಿಗ್ಗೆ ಜನರ ಅರ್ಜಿ ತುಂಬುತ್ತೇನೆ, ಮಧ್ಯಾಹ್ನ ಅಂಗಡಿಗಳ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಬೇಳೆ ಮಿಲ್ಲಿನ ಬಸವಲಿಂಗ ಒಮ್ಮೆ ಮೊದಲ ಸ್ಥಾನದಿಂದ ನಾಲ್ಕನೆಯದಕ್ಕೆ ಇಳಿದಾಗ ಊಟ ಬಿಟ್ಟು ನನ್ನ ಮುಂದೆ ಬಂದು ಕೂತಿದ್ದ. ನಾಲ್ಕನೆಯವನಾದರೆ ನಿನ್ನ ಬೇಳೆ ಬೇಯುವುದಿಲ್ಲವೇನೋ ಮಾರಾಯ ಎಂದು ನಕ್ಕಿದ್ದೆ. ನಗಬಾರದಿತ್ತು.

ನಮ್ಮವ್ವ ಕಳೆದುಹೋದದ್ದು ಯಾದಗಿರಿ ಬಸ್ ಸ್ಟ್ಯಾಂಡಿನಲ್ಲಿ. ಆಗಲೇ ಅವಳಿಗೆ ಮರೆವು ಹತ್ತಿತ್ತು. ಒಂದು ದಿನ ನನ್ನನ್ನು ಗುರುದೇವಿ ಎಂದು ಕರೆದರೆ ಮರುದಿನ ತನ್ನ ತಂಗಿ ಎನ್ನುತ್ತಿದ್ದಳು, ಇನ್ನೊಂದು ದಿನ ಯಾರೋ ಹಾಲಿನವಳೆಂದು ಪಾತ್ರೆ ತಂದು ಮುಂದಿಡುತ್ತಿದ್ದಳು. ಗುರುಮಠಕಲ್ಲಿನ ನೆಂಟರ ಮನೆ ತೊಟ್ಟಿಲು ಕಾರ್ಯಕ್ಕೆಂದು ತಮ್ಮ ರೇವಣಸಿದ್ದ ಕರೆದುಕೊಂಡು ಹೊರಟಿದ್ದ. ಅವಳನ್ನು ಬಸ್ಸಿನಲ್ಲಿ ಕೂರಿಸಿ ನೀರಿನ ಬಾಟಲಿ ತರಲು ಇಳಿದನಂತೆ, ಬರುವಷ್ಟರಲ್ಲಿ ಸೀಟು ಖಾಲಿ. ಪಕ್ಕದಲ್ಲಿ ತೆಲಂಗಾಣದ ಬಸ್ಸೊಂದು ನಿಂತಿತ್ತು, ಅದೂ ಹೋಗಿಬಿಟ್ಟಿತ್ತು. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವನೇ ತನ್ನ ತಲೆ ತಾನು ಚಚ್ಚಿಕೊಳ್ಳುತ್ತಿದ್ದ.

ಪೊಲೀಸರಿಗೆ ದೂರು ಕೊಟ್ಟೆವು, ಗೋಡೆಗೆ ಪೋಸ್ಟರ್ ಅಂಟಿಸಿದೆವು. ಆಮೇಲೆ ನನಗೆ ಬರುವ ಕೆಲಸ ಶುರು ಮಾಡಿದೆ. ಅವ್ವನ ಹೆಸರಿನಲ್ಲಿ ಒಂದು ವೆಬ್‌ಸೈಟ್ ಮಾಡಿದೆ: 'ಗೊಲ್ಲಾಳಮ್ಮ, ಶಹಾಪುರ, ಕಾಣೆಯಾಗಿದ್ದಾರೆ.' ಮೊದಮೊದಲು ಆ ಹೆಸರು ಹುಡುಕಿದರೆ ಬರೀ ಗೊಲ್ಲಾಳೇಶ್ವರನ ಭಜನೆ ವಿಡಿಯೋಗಳೇ ಬರುತ್ತಿದ್ದವು. ದೇವರನ್ನು ಹಿಂದೆ ಹಾಕುವುದು ಸುಲಭವೇ? ಬೇಳೆ ಮಿಲ್ಲು, ಬಂಗಾರದಂಗಡಿ, ಬೀಜ ಗೊಬ್ಬರದ ಅಂಗಡಿ, ನಾನು ಮಾಡಿಕೊಟ್ಟ ಎಲ್ಲಾ ಸೈಟುಗಳಿಂದಲೂ ಅವ್ವನ ಪುಟಕ್ಕೆ ಲಿಂಕ್ ಕೊಡಿಸಿದೆ. ಹೆಚ್ಚು ಸೈಟುಗಳು ಕೈತೋರಿಸಿದಷ್ಟೂ ಪುಟ ಮೇಲೇರುತ್ತದೆ, ಯಾರೂ ಇಲ್ಲ ಅನ್ನಲಿಲ್ಲ. ಹುಚ್ಚು ಹಿಡಿದವಳ ಹಾಗೆ ಗಿರಾಕಿಗಳ ಫೋನ್ ಇಸಿದುಕೊಂಡು ಅವ್ವನ ಹೆಸರು ಹೊಡೆದು ನೋಡುತ್ತಿದ್ದೆ. ನನ್ನ ಫೋನು ನನ್ನ ಮನಸ್ಸು ನೋಡಿಕೊಂಡು ಸುಳ್ಳು ಹೇಳುತ್ತದೆಂಬ ಅನುಮಾನ ನನಗೆ.

ಕೊನೆಗೂ ಅವ್ವ ಮೊದಲ ಪುಟದ ಮೊದಲ ಸಾಲಿಗೆ ಬಂದಳು. ಆದರೆ ಫೋನು ಬರಲಿಲ್ಲ. ಬಂದರೂ ಬಹುಮಾನ ಎಷ್ಟು ಎಂದು ಕೇಳುವವರೇ. ಎಲ್ಲಿಯಾದರೂ ಗುರುತು ಸಿಗದ ಮುದುಕಿಯ ಹೆಣ ಸಿಕ್ಕಿದೆ ಎಂದು ಸುದ್ದಿ ಬಂದರೆ ರೇವಣಸಿದ್ದ ಹೋಗಿ ನೋಡಿಕೊಂಡು ಬರುತ್ತಿದ್ದ. ಅವನು ಫೋನ್ ಮಾಡಿ 'ಅಲ್ಲ' ಎನ್ನುವವರೆಗೆ ಒಂದೇ ಅರ್ಜಿಯನ್ನು ಮತ್ತೆ ಮತ್ತೆ ತುಂಬುತ್ತಿದ್ದೆ. ನನಗೆ ವಿಪರೀತ ಹೆದರಿಕೆಯಾಗುತ್ತಿತ್ತು. ಬೇಸಿಗೆ ಬೇರೆ ಏರುತ್ತಿತ್ತು.

ಅಂಥ ಒಂದು ದಿನ ಕಕ್ಕೇರಾದ ದೇವಕಮ್ಮ ಎಂಬ ಅಜ್ಜಿ ಪಿಂಚಣಿ ಅರ್ಜಿಗೆ ಬಂದಳು. ಆಧಾರ್ ಕಾರ್ಡಿನ ಅಕ್ಷರ ಅಳಿಸಿಹೋಗಿತ್ತು. ಗಂಡನ ಹೆಸರು ಕೇಳಿದೆ. ಅಜ್ಜಿ ಬಾಯಿಗೆ ಸೆರಗು ಹಿಡಿದು ಗೋಡೆ ನೋಡಿತು. ಮತ್ತೆ ಕೇಳಿದೆ. ನಕ್ಕಿತು. ನನಗೋ ಪಿತ್ತ ನೆತ್ತಿಗೇರಿತು, ಹಿಂದೆ ಸಾಲು ನಿಂತಿದೆ, ಬೇಗ ಹೇಳಬೇ ಎಂದು ಗದರಿಬಿಟ್ಟೆ. ಅಜ್ಜಿ ನಾಚುತ್ತಾ ಗಂಡನ ಹೆಸರನ್ನು ಹಾಡಿನ ಸಾಲಲ್ಲಿ ಕಟ್ಟಿ ಒಡಪು ಹಾಕಿತು:

"ಅಂಗಳದಾಗ ಅವರಿ ಬಳ್ಳಿ, ಅದಕ್ಕ ನೀರು ಹಾಕಾವ್ರು ಅಂಬ್ರಪ್ಪ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತೆ. ನಮ್ಮವ್ವನೂ ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಮದುವೆಯಲ್ಲಿ, ಸೀಮಂತದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತಾಗ ತಾನೇ ಕಟ್ಟಿದ ಒಡಪಿನೊಳಗೆ ಮಾತ್ರ ಅವರ ಹೆಸರು ಬರುತ್ತಿತ್ತು. ಎಲ್ಲವನ್ನೂ ಮರೆತರೂ ಒಲೆ ಮುಂದೆ ಕೂತು ಅದನ್ನು ಗುನುಗುತ್ತಿದ್ದಳು. ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ತನ್ನ ಹೆಸರನ್ನೂ ಮರೆತ ಅವ್ವ ಯಾರ ಹತ್ತಿರ ಇದ್ದಾಳೋ ಅವರಿಗೆ ಗೊಲ್ಲಾಳಮ್ಮ ಎಂಬ ಹೆಸರೇ ಗೊತ್ತಿಲ್ಲ. ಗೊತ್ತಿಲ್ಲದ ಹೆಸರನ್ನು ಯಾರು ಹುಡುಕುತ್ತಾರೆ? ನಾನು ಮೊದಲ ಪುಟದಲ್ಲಿ ದೀಪ ಹಚ್ಚಿಟ್ಟದ್ದು ಯಾರೂ ಬಾರದ ಬಾಗಿಲಿಗೆ.

ಅಂದೇ ಪುಟದ ಮೇಲಿನ ಹೆಸರನ್ನು ತೆಗೆದು ಅವ್ವನ ಒಡಪನ್ನು ಹಾಕಿದೆ. ಕನ್ನಡದಲ್ಲೂ ಹಾಕಿದೆ, ತೆಲುಗು ಅಕ್ಷರದಲ್ಲೂ ಹಾಕಿದೆ:

"ಮಲಗಿದ ಗುಡ್ಡಕ್ಕ ಮುಗಿಲ ಹೊದಿಕಿ, ಮಜ್ಜಿಗಿ ಕೊಟ್ರ ಉಪ್ಪಿಲ್ಲಂತ ಮಾರಿ ತಿರುವ್ಯಾರ..."

ಕೊನೆಗೆ ಬರುವ ಅಪ್ಪನ ಹೆಸರನ್ನು ಮಾತ್ರ ಬೇಕೆಂದೇ ಬಿಟ್ಟೆ. ಸುಳ್ಳು ಹೇಳುವವರನ್ನು ಹಿಡಿಯಲು ಅದೊಂದು ಕೀಲಿ. ಅವ್ವ ನಿಜವಾಗಿ ಯಾರ ಹತ್ತಿರ ಇದ್ದಾಳೋ ಅವರಿಗೆ ಆ ಹೆಸರು ಗೊತ್ತಿರುತ್ತದಲ್ಲ. ಮನೆಯ ಮಾತನ್ನು ಬಜಾರಿಗೆ ಇಟ್ಟೆ, ಮಂದಿ ನಗುತ್ತಾರೆ ಎಂದು ರೇವಣಸಿದ್ದ ಮುನಿಸಿಕೊಂಡ. ನಗಲಿ, ನಕ್ಕವರಾದರೂ ಹುಡುಕಿಕೊಡಲಿ ಎಂದೆ.

ಆ ಸಾಲು ಮೊದಲ ಸ್ಥಾನಕ್ಕೆ ಬರಲು ತಡವಾಗಲಿಲ್ಲ. ಅವ್ವನ ಹಾಗೆ ಒಡಪು ಕಟ್ಟಿದವರು ಜಗತ್ತಿನಲ್ಲಿ ಇನ್ಯಾರೂ ಇರಲಿಲ್ಲ, ಪೈಪೋಟಿಯೇ ಇಲ್ಲ. ಆದರೆ ಹುಡುಕುವವರೂ ಇರಲಿಲ್ಲ. ದಿನಾ ಬೆಳಿಗ್ಗೆ ಎಷ್ಟು ಜನ ಹುಡುಕಿದರೆಂದು ನೋಡಿದರೆ ಸೊನ್ನೆ. ಊಟ ಸೇರುತ್ತಿರಲಿಲ್ಲ. ಬಸವಲಿಂಗನೇ ಬಂದು ನನಗೆ ರೊಟ್ಟಿ ತಿನ್ನಲು ಹೇಳಿ ಹೋದ. ವಾಟ್ಸಾಪಿನಲ್ಲಿ ಲಿಂಕ್ ನೋಡಿದ ಕೆಲವರು ಫೋನ್ ಮಾಡಿದರು. ಒಡಪಿನ ಕೊನೆ ಹೆಸರು ಹೇಳಿ ಎಂದರೆ ಒಬ್ಬ ಶರಣಪ್ಪ ಅಂದ, ಇನ್ನೊಬ್ಬ ಸಿದ್ದಪ್ಪ ಅಂದ. ಬೈದು ಫೋನ್ ಇಟ್ಟೆ.

ಸಂತೆಯ ದಿನ ಗಿರಾಕಿಗಳ ನಡುವೆ ಮತ್ತೊಂದು ಫೋನ್ ಬಂತು. ಹೆಸರು ಉಮೆಸಲ್ಮಾ, ನಾರಾಯಣಪೇಟೆ ಕಡೆಯ ಅನಾಥಾಶ್ರಮದಲ್ಲಿ ವೃದ್ಧರನ್ನು ನೋಡಿಕೊಳ್ಳುತ್ತಾಳಂತೆ. ತೆಲುಗು ಬೆರೆತ ಕನ್ನಡ. ನಿಮ್ಮ ಸೈಟಿನಲ್ಲಿರುವ ಹಾಡನ್ನು ನಮ್ಮಲ್ಲೊಬ್ಬ ಅಜ್ಜಿ ಹೇಳುತ್ತಾಳೆ, ಫೋಟೋದಲ್ಲಿ ಕೂದಲಿದೆ, ಇಲ್ಲಿ ಬೋಳಿಸಿದ್ದಾರೆ, ಗುರುತು ಹತ್ತುತ್ತಿಲ್ಲ ಎಂದಳು. ನಾನು ದನಿ ಗಟ್ಟಿ ಮಾಡಿ, ಹಾಗಾದರೆ ಕೊನೆಗೆ ಬರುವ ಹೆಸರೇನು ಹೇಳಿ ಎಂದೆ. ಗೊತ್ತಿಲ್ಲ ಎಂದಳು. ಇನ್ನೇನು ಕಟ್ ಮಾಡುವವಳಿದ್ದೆ.

"ಅಕ್ಕಾ, ಇಡಬ್ಯಾಡ್ರಿ," ಎಂದಳು. "ಅಕಿ ಅಲ್ಲಿಗೇ ಬಂದು ನಿಂದರ್ತಾಳ. ಮುಂದಿಂದು ನೆಪ್ಪಾಗವಲ್ದು, ಅಳತಾಳ. ಅದನ್ನ ತಿಳ್ಕೊಂಡು ಹೇಳಬೇಕಂತೇ ನಾ ಹುಡುಕೀನಿ."

ಕಳ್ಳರಿಗೆಂದು ಹಾಕಿದ ಕೀಲಿ ಅವ್ವನನ್ನೇ ಹೊರಗೆ ನಿಲ್ಲಿಸಿತ್ತು. ಫೋನನ್ನು ಅಜ್ಜಿಯ ಕಿವಿಗೆ ಹಿಡಿಯಿರಿ ಎಂದೆ. ಅತ್ತಲಿಂದ ಉಸಿರು ಕೇಳಿಸಿತು. ನಾನು ಯವ್ವಾ ಎಂದೆ. ಮಲಗಿದ ಗುಡ್ಡಕ್ಕ ಎಂದು ಶುರು ಮಾಡಿದೆ. ಅವಳೂ ಜೊತೆಗೂಡಿದಳು. ದನಿ ಸಣ್ಣಗಾಗಿತ್ತು, ಆದರೆ ನಮ್ಮವ್ವನದೇ. ಮಾರಿ ತಿರುವ್ಯಾರ ಎಂಬಲ್ಲಿಗೆ ಬಂದು ನಿಂತಳು.

"ಮಲ್ಲಣ್ಣ," ಎಂದೆ ನಾನು.

ಮನೆಯಲ್ಲಿ ಬೈಯುತ್ತಿದ್ದಳಲ್ಲ, ಅದೇ ದನಿ ಬಂತು.

"ಏ ಹುಡುಗಿ, ಅವರ ಹೆಸರು ಹಿಂಗ ಬಾಯಾಗ ತರ್ತಾರೇನ? ನಿಮ್ಮವ್ವ ಇಷ್ಟೂ ಕಲಿಸಿಲ್ಲೇನ ನಿನಗ?"

"ಕಲಿಸ್ಯಾಳ ಯವ್ವಾ," ಎಂದೆ. "ನಾನ ಮರ್ತಿದ್ದೆ."