ಮೂವತ್ತೆರಡು ಜಾಗ

ಮತ್ತೆ ಅದೇ ಹಳದಿ ತ್ರಿಕೋನ, ಪರದೆಯ ಮೂಲೆಯಲ್ಲಿ, ಚುಕ್ಕಿಗಳು ಸುತ್ತಿ ಸುತ್ತಿ ದಣಿದು ನಿಂತವು — ಸಂಪರ್ಕ ಸಾಧ್ಯವಾಗಲಿಲ್ಲ — ಮೂರು ಸಲ ಪಾಸ್‌ವರ್ಡ್ ಒತ್ತಿದ್ದಾಯಿತು, ಲ್ಯಾಪ್‌ಟಾಪ್ ಬಂದ್ ಮಾಡಿ ಚಾಲೂ ಮಾಡಿದ್ದಾಯಿತು, ಗೋಡೆಯ ಮೇಲಿನ ವೈಫೈ ಡಬ್ಬಿಯ ವೈರು ಕಿತ್ತು ಹತ್ತು ಎಣಿಸಿ ಮತ್ತೆ ಚುಚ್ಚಿದ್ದಾಯಿತು, ನಾಲ್ಕು ಲ್ಯಾಪ್‌ಟಾಪುಗಳಲ್ಲಿ ಒಂದಾದರೂ ಮಾತು ಕೇಳಬೇಕಲ್ಲ, ಮಚ್ಛೇಂದ್ರ ಅಂಗಿಯ ತೋಳಿನಿಂದ ಕುತ್ತಿಗೆ ಒರೆಸಿಕೊಂಡ, ನಾಲ್ಕೂ ಹತ್ತು, ಕರೆಂಟು ಹೋಗಿ ಬಂದು ಮುಕ್ಕಾಲು ಗಂಟೆ, ಐದಕ್ಕೆ ಉದ್ಯೋಗ ಖಾತ್ರಿಯ ವೆಬ್‌ಸೈಟು ಮುಚ್ಚುತ್ತದೆ, ಆಮೇಲೆ ಸೋಮವಾರದ ಕೆಲಸಕ್ಕೆ ಹೆಸರು ಹತ್ತುವುದಿಲ್ಲ, ಹೊರಗೆ ಔರಾದಿನ ಈ ಕಚೇರಿಯ ಮೆಟ್ಟಿಲ ಮೇಲೆ ಅಕ್ಕ ಕೇಶರಬಾಯಿ ಕುಳಿತಿದ್ದಾಳೆ, ಅವಳ ಹಿಂದೆ ಊರಿನ ಮೂವತ್ತು ಹೆಂಗಸರು. ಒಣಗಿದ ಕೆರೆಯ ಹೂಳೆತ್ತುವ ಕೆಲಸಕ್ಕೆ ಹೆಸರು ಹತ್ತಿದರೆ ಊರಲ್ಲೇ ಉಳಿಯುತ್ತಾರೆ, ಹತ್ತದಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಕೂಲಿಯಾಳುಗಳನ್ನು ಒಯ್ಯುವ ಮುಕಾದಮನ ಟೆಂಪೋ ನಿಂತಿದೆ, ಹೈದರಾಬಾದಿಗೆ, ಅಲ್ಲಿ ಏಳುತ್ತಿರುವ ಯಾವುದೋ ಕಟ್ಟಡಕ್ಕೆ, ಜೊತೆಗೆ ಅಕ್ಕನ ಮಗಳು, ಹತ್ತನೇ ತರಗತಿ ಅರ್ಧಕ್ಕೆ ಬಿಟ್ಟು. ಹೆದರಬ್ಯಾಡ್ರಿ, ಅಕ್ಕ ಹೆಂಗಸರಿಗೆ ಹೇಳುತ್ತಿರುವುದು ಕಿಟಕಿಯಿಂದ ಕೇಳುತ್ತಿದೆ, ಒಳಗ ನಮ್ಮ ತಮ್ಮ ಅದಾನ. ಇದ್ದಾನೆ, ಹೌದು, ಇದ್ದು ಏನು ಕಡಿದು ಕಟ್ಟೆ ಹಾಕಿದ.

ಫೋನಿನಲ್ಲಿ ಡಬ್ಬಿಯ ಪುಟ ತೆರೆದ, ಯಾರು ಯಾರು ಸೇರಿಕೊಂಡಿದ್ದಾರೆಂಬ ಯಾದಿ, ಮೂವತ್ತೆರಡು, ಡಬ್ಬಿಗೆ ಹಿಡಿಸುವುದೇ ಮೂವತ್ತೆರಡು, ಒಂದೂ ಖಾಲಿಯಿಲ್ಲ, ಒಂದೂ ಲ್ಯಾಪ್‌ಟಾಪ್ ಅಲ್ಲ — ಎಲ್ಲ ಫೋನು. ಕರೆಂಟು ಬಂದ ಕೂಡಲೇ ಜೇಬುಗಳಲ್ಲಿದ್ದ ಫೋನುಗಳು ಜಾಗ ಹಿಡಿದುಬಿಟ್ಟವು, ಬ್ಯಾಟರಿ ಸತ್ತ ಈ ಹಳೇ ಲ್ಯಾಪ್‌ಟಾಪುಗಳು ಕಣ್ಣು ಬಿಡುವಷ್ಟರಲ್ಲಿ ಎಲ್ಲ ತುಂಬಿತ್ತು, ದಿನಾ ಆಪರೇಟರ್ ಆಬೇದಾ ಎಲ್ಲರಿಗಿಂತ ಮೊದಲು ಬಂದು ಇವನ್ನು ತೆರೆಯುತ್ತಿದ್ದಳು, ಅದಕ್ಕೇ ಇಷ್ಟು ದಿನ ಗೊತ್ತಾಗಲಿಲ್ಲ. ಇವರಿಗೆಲ್ಲ ಪಾಸ್‌ವರ್ಡ್ ಯಾರು ಕೊಟ್ಟರು — ಯಾರು ಅಂದರೆ, ಭಾಲ್ಕಿಯಲ್ಲಿ ಐಟಿಐ ಓದಿ ಬಂದ ಜಾಣ, ನೀನೇ. ಈ ಲ್ಯಾಪ್‌ಟಾಪು, ಡಬ್ಬಿ ನೋಡಿಕೊಳ್ಳುವ ಗುತ್ತಿಗೆ ಕೆಲಸಕ್ಕೆ ಬಂದ ಮೊದಲ ದಿನ ಗುಮಾಸ್ತ ಹಾವಗೆಪ್ಪ ಕುರ್ಚಿ ಎಳೆದುಕೊಟ್ಟಿದ್ದರು, ಕುಂದರ್ರಿ ಮಚ್ಛೇಂದ್ರ ಅವರ, ಚಾ ತಗೋರಿ, ಅವರ ಕಪ್ಪಿನಂಥದೇ ಕಪ್ಪು, ಅಪ್ಪ ಇದೇ ಬಾಗಿಲಲ್ಲಿ ನಿಂತು ಅರ್ಜಿ ಕೊಟ್ಟು ನಿಂತ ಕಾಲಲ್ಲೇ ತಿರುಗಿ ಹೋದವನು, ಒಳಗೆ ಬಾ ಅಂದವರಿರಲಿಲ್ಲ, ಈ ಗೋಡಿ ಒಳಗ ಸಿಗ್ನಲ್ ಬರಂಗಿಲ್ರಿ, ನಿಮ್ಮ ವೈಫೈ ಜರಾ ಹಾಕಿಕೊಡ್ರಿ ಅಂದಾಗ ಹಾವಗೆಪ್ಪನವರ ಫೋನು ಇಸಕೊಂಡು ತನ್ನ ಬೆರಳಿಂದಲೇ ಒತ್ತಿದ, ಆಮೇಲೆ ಪಕ್ಕದ ಮೇಜಿನವರದು, ಜವಾನನದು, ಡ್ರೈವರನದು, ಕೊನೆಗೆ ಸಾಹೇಬರದು, ಅವರದು ಎರಡು ಫೋನು, ಎಲ್ಲರೂ ರೀ ಹಚ್ಚಿ ಕರೆದರು, ಅಷ್ಟಕ್ಕೇ ಉಬ್ಬಿಹೋದೆಯಲ್ಲೋ.

ಪಾಸ್‌ವರ್ಡ್ ಬದಲಿಸ್ರಿ ಭಾಯ್, ಆಬೇದಾ ಮೆಲ್ಲಗೆ ಅಂದಳು, ಎಲ್ಲಾರೂ ಹೊರಗ ಬೀಳ್ತಾರ, ಇಪ್ಪತ್ತು ನಿಮಿಷ ಸಿಕ್ಕರ ನಾ ಮೂವತ್ತೊಂದೂ ಹೆಸರು ಹಾಕ್ತೇನಿ. ಒಬ್ಬೊಬ್ಬರನ್ನೇ ತೆಗೆಯಲು ಈ ಅಗ್ಗದ ಡಬ್ಬಿಯಲ್ಲಿ ಬರುವುದಿಲ್ಲ, ಬದಲಿಸಿದರೆ ಎಲ್ಲರೂ ಒಟ್ಟಿಗೆ ಹೊರಗೆ, ಸಾಹೇಬರೂ. ಹಾವಗೆಪ್ಪ ಕನ್ನಡಕದ ಮೇಲಿಂದ ನೋಡಿದರು, ಸಾಹೇಬ್ರು ಮ್ಯಾಚ್ ನೋಡ್ಲಿಕತ್ಯಾರ, ನಡುವ ಬಂದ್ ಆದರ ನಿಮ್ಮ ಕಾಗದಕ್ಕ ಸಹಿ ಯಾರು ಹಾಕ್ತಾರ್ರಿ, ಮುಂದಿನ ವರ್ಷಕ್ಕೂ ನೀವ ಬೇಕಂತ ಬೀದರಕ್ಕ ಬರಿಯಾವರು ಅವರ ಅಲ್ಲೇನ್ರಿ. ಮೇಜಿಂದ ಮೇಜಿಗೆ ಹೋದ, ಸ್ವಲ್ಪ ಹೊತ್ತು ವೈಫೈ ಬಂದ್ ಮಾಡ್ರಿ, ಹೌದ್ರಿ, ಮಾಡ್ತೇನಿ ತಗೋರಿ, ಎಲ್ಲರೂ ಎಷ್ಟು ಮರ್ಯಾದೆಯಿಂದ ಹೇಳಿದರು, ಒಬ್ಬರೂ ಮಾಡಲಿಲ್ಲ, ಕೊನೆಗೆ ತನ್ನ ಫೋನಿನದನ್ನೇ ಬಂದ್ ಮಾಡಿದ, ಒಂದು ಜಾಗ ತೆರವಾಯಿತು, ಲ್ಯಾಪ್‌ಟಾಪಿನ ಚುಕ್ಕಿಗಳು ಸುತ್ತತೊಡಗಿದವು, ಅಷ್ಟರಲ್ಲಿ ಡ್ರೈವರ್ ಅಂಗಳದಿಂದ ಒಳಗೆ ಬಂದ, ಅವನ ಜೇಬಿನ ಫೋನು ಆ ಜಾಗ ನುಂಗಿತು. ನಾಲ್ಕೂವರೆ. ಎದ್ದು ಸಾಹೇಬರ ಬಾಗಿಲ ತನಕ ಹೋದ, ಪರದೆಯ ಅಂಚು ಹಿಡಿದ, ಒಳಗೆ ಕಾಮೆಂಟರಿ, ಸಾಹೇಬರ ನಗು, ಎರಡೇ ಮಾತು, ಸರ್, ಇಪ್ಪತ್ತು ನಿಮಿಷ, ಹೊರಗ ಹೆಣ್ಮಕ್ಕಳು ಕುಂತಾರ — ಅಷ್ಟು ಹೇಳಿದರೆ ಗಂಟಲೇನು ಹರಿಯುತ್ತಿತ್ತೇ, ಹೇಳಲಿಲ್ಲ, ಪರದೆ ಬಿಟ್ಟು ತಿರುಗಿದ, ತನ್ನ ಮೇಲೆ ತನಗೇ ಅಸಹ್ಯವಾಯಿತು, ಆದರೂ ತಿರುಗಿದ. ನಾಲ್ಕೂ ಮುಕ್ಕಾಲು, ನಾಲ್ಕೂ ಐವತ್ತೈದು, ಆಬೇದಾ ಅವನ ಕಡೆ ನೋಡುವುದನ್ನೇ ಬಿಟ್ಟಳು. ಐದಕ್ಕೆ ಸೈಟು ಮುಚ್ಚಿತು, ಐದೂ ಐದಕ್ಕೆ ಸಾಹೇಬರ ಜೀಪು ಹೊರಟಿತು, ಒಬ್ಬೊಬ್ಬರೇ ಚೀಲ ಹೆಗಲಿಗೇರಿಸಿ ಎದ್ದರು, ನಾಲ್ಕೂ ಲ್ಯಾಪ್‌ಟಾಪುಗಳಿಗೆ ವೈಫೈ ಹತ್ತಿತು.

ಆಗಲಿಲ್ಲೇನೋ ತಮ್ಮಾ, ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಹೊಸ್ತಿಲು ದಾಟದೆ. ನೆಟ್ ಬರಲಿಲ್ಲಕ್ಕಾ, ಅಂದ, ಅವಳ ಮುಖ ನೋಡದೆ. ಆಬೇದಾ ಕತ್ತೆತ್ತಿದಳು. ನೆಟ್ ಬರಲ್ದಿದ್ರ ನೀ ಏನ ಮಾಡ್ತಿ, ಅಕ್ಕ ಅವನಿಗೇ ಸಮಾಧಾನ ಹೇಳಿದಳು, ಮನಸಿಗಿ ಹಚ್ಕೋಬ್ಯಾಡ, ಇದು ನಿನ್ನ ಹಂತ್ಯಾಕ ಇರ್ಲಿ, ಅಲ್ಲಿ ಕಳೀತದ, ಎಂದು ಜಾಬ್ ಕಾರ್ಡು ಅವನ ಕೈಯಲ್ಲಿಟ್ಟು ಹೋದಳು, ಮೂವತ್ತೊಂದು ಜೊತೆ ಚಪ್ಪಲಿಗಳ ಸದ್ದು ಮೆಟ್ಟಿಲಿಳಿಯಿತು. ಕಾರ್ಡಿನ ಮೇಲೆ ಮನೆಯವರ ಫೋಟೋ, ಅಪ್ಪ, ಅಕ್ಕ, ಅವನು, ಅವನು ಐಟಿಐ ಸೇರಿದ ವರ್ಷದ್ದು, ಆ ಬೇಸಿಗೆ ಖಾತ್ರಿ ಕೆಲಸದಲ್ಲಿ ಅವನ ಪಾಲಿನ ಗುಂಡಿಯನ್ನೂ ಅಕ್ಕನೇ ಅಗೆದಿದ್ದಳು, ನೀ ನೆರಳಾಗ ಕುಂತು ಓದು ಅಂದು, ಬೆವರಿಗೆ ತೊಯ್ದು ತೊಯ್ದು ಫೋಟೋ ಮಾಸಿದೆ, ಅಪ್ಪನ ಮುಖವಿಲ್ಲ, ಅಕ್ಕನ ಮುಖವಿಲ್ಲ, ಉಳಿದಿರುವುದು ಅವನ ಭುಜ, ಭುಜದ ಮೇಲೆ ಅಕ್ಕನ ಕೈ — ಟೆಂಪೋದ ಹಾರ್ನು, ಒಮ್ಮೆ, ಇನ್ನೊಮ್ಮೆ — ಭುಜದ ಮೇಲೆ ಕೈ, ಓಡಿದರೆ ಸಿಗಬಹುದು, ಸಿಕ್ಕರೆ ಏನು ಹೇಳುವುದು, ನೆಟ್ ಇತ್ತಕ್ಕಾ ಅನ್ನುವುದೇ — ಆಬೇದಾ ಲ್ಯಾಪ್‌ಟಾಪುಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದಾಳೆ — ಕೈ, ಉಗುರಿನ ಸಂದಿಯಲ್ಲಿ ಮಣ್ಣಿರುವ ಕೈ, ಅವನ ಭುಜದ ಮೇಲೆ.