ಗಟ್ಟಿಗಿತ್ತಿ ಅತ್ತ ದಿನ

ಪ್ರವಾಹ ಇಳಿದು ಮೂರು ತಿಂಗಳಾಗಿತ್ತು. ನಮ್ಮ ಹೊಲಿಗೆ ಅಂಗಡಿಯ ಗೋಡೆಯಲ್ಲಿ ಕೆಸರಿನ ಗೆರೆ ಎದೆಮಟ್ಟಕ್ಕೆ ಹಾಗೆಯೇ ಉಳಿದಿತ್ತು. ನನ್ನ ಹೆಂಡತಿಯನ್ನು ಆ ನೀರು ಒಯ್ದಿತು. ಅವಳ ಕೈ ಹಿಡಿದಿದ್ದವಳು ನಮ್ಮ ಹದಿನೇಳರ ಮೊಮ್ಮಗಳು. ಹುಡುಗಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಬೀದಿಯವರೆಲ್ಲ ಅವಳನ್ನು 'ಗಟ್ಟಿಗಿತ್ತಿ' ಎಂದರು. ನಾನೂ ಹಾಗೆಂದೇ ಕರೆದು ಹೆಮ್ಮೆಪಟ್ಟೆ.

ಒಂದು ಸಂಜೆ ಆರೋಗ್ಯ ಕೇಂದ್ರದ ನರ್ಸಮ್ಮ ಹೊಲಿಯಲು ಕೊಟ್ಟ ಬಟ್ಟೆ ಒಯ್ಯಲು ಬಂದರು.

"ಏನು ತಾತ, ಹೊಲಿಗೆ ಮಿಷನ್ನು ಅಟ್ಟ ಹತ್ತಿ ಕೂತಿದೆ?"

"ಮೊಮ್ಮಗಳು ದಿನಾ ಸಂಜೆ ಬಿಚ್ಚಿ ಮೇಲಿಡ್ತಾಳೆ. ಮತ್ತೆ ನೀರು ಬಂದ್ರೆ ಅಂತ."

"ನಿದ್ದೆ ಮಾಡ್ತಾಳಾ?"

"ಎಲ್ಲಿ? ನಲ್ಲಿ ಸದ್ದಾದ್ರೂ ಬೆಚ್ಚಿಬೀಳ್ತಾಳೆ. ಊಟವೂ ಅಷ್ಟಕ್ಕಷ್ಟೆ. ಆದ್ರೆ ಒಂದು ದಿನ ಅತ್ತಿಲ್ಲ ನೋಡಿ, ಗಟ್ಟಿಗಿತ್ತಿ!"

"ಅದೇ ನನಗೆ ಭಯ, ತಾತ. ಕೇಂದ್ರಕ್ಕೆ ಆಪ್ತಸಮಾಲೋಚಕಿ ಬರ್ತಾರೆ. ಒಮ್ಮೆ ಕರ್ಕೊಂಡು ಬನ್ನಿ."

ನನಗೆ ಸಿಟ್ಟು ಬಂತು. "ನಮ್ಮ ಹುಡುಗೀನ ಹುಚ್ಚಿ ಅಂತೀರಾ? ದೇವರಿದ್ದಾನೆ. ದಿನಾ ಪ್ರಾರ್ಥನೆ ಮಾಡ್ತೀನಿ."

"ಮಾಡಿ, ಬಿಡಬೇಡಿ. ಹೋದ ವರ್ಷ ಸೂಜಿಗೆ ದಾರ ಪೋಣಿಸೋಕಾಗ್ದೆ ಕಣ್ಣಿನ ಪೊರೆ ತೆಗೆಸಿದ್ರಲ್ಲ, ದೇವರು ಬೇಡ ಅಂದಿದ್ನಾ? ಮನಸ್ಸಿಗೂ ಪೆಟ್ಟು ಬೀಳುತ್ತೆ. ಅದು ಹುಚ್ಚಲ್ಲ. ಮೊದಲು ನೀವೇ ಕೂತು ಅವಳ ಮಾತು ಕೇಳಿ. ಬುದ್ಧಿ ಹೇಳಬೇಡಿ."

ನರ್ಸಮ್ಮ ಹೋದ ಮೇಲೆ ಮೊಮ್ಮಗಳ ಪಕ್ಕ ಕುಳಿತೆ. ಹೇಗೆ ಆರಂಭಿಸುವುದೋ ತಿಳಿಯದೆ ನನ್ನದನ್ನೇ ಹೇಳಿಬಿಟ್ಟೆ.

"ಅವತ್ತು ನಿನ್ನಜ್ಜಿ ಹೊರಡೋಣ ಅಂದ್ಲು. ಕತ್ತರಿ ತರ್ತೀನಿ ಇರು ಅಂತ ಒಳಗೆ ಹೋದವನು ನಾನು ಕಣಮ್ಮ. ಅದಕ್ಕೇ ತಡವಾಯ್ತು."

ಅವಳು ನನ್ನ ಕಡೆ ತಿರುಗಿದಳು.

"ಕೈ ಬಿಟ್ಟವಳು ನಾನು, ತಾತ. ಹೇಳೋಣ ಅಂದ್ರೆ ಎಲ್ಲರೂ ಗಟ್ಟಿಗಿತ್ತಿ ಅಂತಿದ್ರಿ."

"ನೀನು ಬಿಡಲಿಲ್ಲ ಮಗಳೇ, ನೀರು ಕಿತ್ಕೊಳ್ತು."

ಆಗ ಅತ್ತಳು. ನಾನೂ ಅತ್ತೆ. ನಾನೂ ಹೆಮ್ಮೆಯಿಂದ ಕರೆದ ಆ ಹೆಸರೇ ಅವಳ ಬಾಯಿ ಹೊಲಿದಿತ್ತು.

ಮರುದಿನವೇ ಇಬ್ಬರೂ ಕೇಂದ್ರಕ್ಕೆ ಹೋದೆವು. ಒಂದೇ ಭೇಟಿಗೆ ಎಲ್ಲ ಸರಿಹೋಗಲಿಲ್ಲ. ನಡುವೆ ಅವಳು "ಬರಲ್ಲ" ಎಂದು ಹಟ ಹಿಡಿದಳು. ಬಿಡದೆ ಹೋದೆವು. ಏಳನೆಯ ವಾರ ಸಂಜೆ ಮಳೆ ಹನಿಯಿತು. ಅವಳು ಮಿಷನ್ನಿನ ಮೇಲೆ ಕೈಯಿಟ್ಟಳು, ಅಟ್ಟದ ಕಡೆ ನೋಡಿದಳು. ಆಮೇಲೆ ಅದಕ್ಕೆ ಬಟ್ಟೆ ಹೊದಿಸಿ, ಅಲ್ಲೇ ಬಿಟ್ಟು ಊಟಕ್ಕೆ ಬಂದಳು.

ಓದುವ ತಂದೆತಾಯಿಗಳೇ, ಹಿರಿಯರೇ, ನಿಮ್ಮ ಮನೆಯ ಮಕ್ಕಳ ಮೌನವನ್ನು ಹೊಗಳಬೇಡಿ. ವಾರಗಳು ಕಳೆದರೂ ನಿದ್ದೆ ಬಾರದಿದ್ದರೆ, ಭಯ ಬಿಡದಿದ್ದರೆ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಜೊತೆಯಾಗಿ ಹೋಗಿ. ಸಾಯುವ ಮಾತು ಬಂದರಂತೂ ಒಂಟಿಯಾಗಿ ಬಿಡಬೇಡಿ, ಅಂದೇ ಹೋಗಿ. ನಾನು ಮೂರು ತಿಂಗಳು ತಡ ಮಾಡಿದೆ. ನೀವು ಇಂದೇ ಪಕ್ಕದಲ್ಲಿ ಕುಳಿತು ಕೇಳಿ.